ಹೋಮ್ ಅಗೇನ್

ಮನೋರೋಗದಿಂದ ಬೀದಿಪಾಲಾಗಿ, ಚಿಕಿತ್ಸೆ ಮುಗಿದರೂ ಹೋಗಲು ಮನೆಯಿಲ್ಲದವರನ್ನು ಊರ ನಡುವಿನ ಬಾಡಿಗೆ ಮನೆಗಳಲ್ಲಿ ನೆಲೆಗೊಳಿಸುವ ಕಾರ್ಯಕ್ರಮ. ಚೆನ್ನೈನ 'ದಿ ಬ್ಯಾನ್ಯನ್' ಸಂಸ್ಥೆ 2015ರಲ್ಲಿ ಇದನ್ನು ಆರಂಭಿಸಿತು.

ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಈ ಸಂಸ್ಥೆಯನ್ನು 1993ರಲ್ಲಿ ಕಟ್ಟಿದರು. ರಸ್ತೆಯಲ್ಲಿ ಅಲೆಯುವ ಹೆಂಗಸರನ್ನು ಕರೆತಂದು, ಚಿಕಿತ್ಸೆ ಕೊಟ್ಟು, ಊರು ಪತ್ತೆಮಾಡಿ ಮನೆ ಮುಟ್ಟಿಸುವುದು ಮೊದಲಿನಿಂದ ನಡೆದುಬಂದ ಕ್ರಮ. ಅನೇಕರು ಹೀಗೆ ತಮ್ಮವರನ್ನು ಸೇರಿದ್ದಾರೆ. ಆದರೆ ಎಲ್ಲರಿಗೂ ಅದು ಒದಗಲಿಲ್ಲ. ಕೆಲವರ ಮನೆಯವರು ಸಿಗಲಿಲ್ಲ, ಸಿಕ್ಕವರಲ್ಲಿ ಕೆಲವರು ಒಳಗೆ ಕರೆಯಲಿಲ್ಲ. ಬಿಟ್ಟುಬಂದ ಮನೆಗೆ ಮರಳುವುದು ಇನ್ನು ಕೆಲವರಿಗೆ ಬೇಡವಾಗಿತ್ತು. ಹೀಗಾಗಿ ಚೇತರಿಸಿಕೊಂಡವರೂ ವರ್ಷಗಟ್ಟಲೆ ಆಶ್ರಯಧಾಮದಲ್ಲೇ ಉಳಿದರು. ಬೀದಿಯಿಂದ ಬಿಡಿಸಿ ವಾರ್ಡಿನಲ್ಲಿ ಕೂರಿಸುವುದನ್ನು ಪುನರ್ವಸತಿ ಎನ್ನುವುದು ಕಷ್ಟ.

ಹೋಮ್ ಅಗೇನ್‌ನಲ್ಲಿ ನಾಲ್ಕೈದು ಮಂದಿ ಸೇರಿ ಒಂದು ಮನೆ ಹೂಡುತ್ತಾರೆ. ಯಾರ ಜೊತೆ ಇರಬೇಕೆಂಬುದು ಅವರವರ ಇಷ್ಟ. ಸಂತೆಗೆ ಹೋಗುವವರು ಯಾರು, ರಾತ್ರಿಗೆ ಸಾಂಬಾರೋ ರಸವೋ, ಟಿವಿಯಲ್ಲಿ ಯಾವ ಧಾರಾವಾಹಿ ಎಂಬ ಚಿಲ್ಲರೆ ತಕರಾರುಗಳು ಅಡುಗೆಮನೆಯಲ್ಲೇ ಇತ್ಯರ್ಥವಾಗಬೇಕು. ಆಶ್ರಯಧಾಮದಲ್ಲಾದರೆ ಇವನ್ನೆಲ್ಲ ಗಂಟೆ ಹೊಡೆದು ಬೇರೆಯವರೇ ತೀರ್ಮಾನಿಸುತ್ತಾರೆ. ಸಹಾಯಕಿಯರು ಅಗತ್ಯವಿದ್ದಷ್ಟು ಜೊತೆಗಿದ್ದು ಔಷಧ, ಆಸ್ಪತ್ರೆ, ಹಣಕಾಸಿನ ವ್ಯವಹಾರಕ್ಕೆ ನೆರವಾಗುತ್ತಾರೆ. ಕೆಲವರು ದುಡಿಮೆಗೂ ಹೋಗುತ್ತಾರೆ. ತಮಿಳುನಾಡಿನಾಚೆ ಕೇರಳ, ಅಸ್ಸಾಂಗಳಲ್ಲೂ ಇಂಥ ಮನೆಗಳು ನಡೆದಿವೆ.

ಮೊದಲು ಪೂರ್ತಿ ಗುಣವಾಗಲಿ, ಆಮೇಲೆ ಮನೆ ನೋಡೋಣ ಎಂಬ ವಾದವನ್ನು ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ 1992ರಲ್ಲಿ ನ್ಯೂಯಾರ್ಕಿನಲ್ಲಿ 'ಪಾತ್‌ವೇಸ್ ಟು ಹೌಸಿಂಗ್' ತೆರೆದು ತಲೆಕೆಳಗು ಮಾಡಿದ್ದರು. ಅಲ್ಲಿ ಬೀದಿಯಿಂದ ನೇರವಾಗಿ ಫ್ಲ್ಯಾಟಿಗೆ ಪ್ರವೇಶ. ಚೆನ್ನೈನ ಮಾದರಿ ಅದೇ ಗೋತ್ರದ್ದಾದರೂ, ಒಂಟಿವಾಸಕ್ಕಿಂತ ಒಟ್ಟುವಾಸಕ್ಕೆ ಒತ್ತು ಕೊಡುತ್ತದೆ. ಇಲ್ಲಿನವರಿಗೆ ಒಗ್ಗುವುದೂ ಬಹುಶಃ ಅದೇ.

ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಅಲೆದಾಡುವ ಮನೋರೋಗಿಯನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಬೇಕು, ಲಾಕಪ್ಪಿಗೆ ಹಾಕುವಂತಿಲ್ಲ. ಮನೆಯಿಲ್ಲ ಅಥವಾ ಮನೆಯವರು ಒಲ್ಲರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದೆಂದು 19ನೆಯ ಕಲಂ ಹೇಳುತ್ತದೆ. ಅಂಥವರಿಗೆ ಸಮುದಾಯದ ನಡುವೆ ವಸತಿ ಒದಗಿಸುವ ಹೊಣೆ ಸರ್ಕಾರದ್ದು. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗದರ್ಶಿಯಲ್ಲಿ ಹೋಮ್ ಅಗೇನನ್ನು ಉತ್ತಮ ಮಾದರಿಗಳ ಸಾಲಿಗೆ ಸೇರಿಸಿತು.