ಅಡಿಕೆ ಹಾಳೆ, ಕರಟ, ಭತ್ತದ ತೆನೆ: ಲಕ್ಕವಳ್ಳಿ ಸೀಮೆಯ ಹಿತ್ತಿಲಿನಿಂದ ಕ್ರಿಸ್ಮಸ್ ಉಡುಗೊರೆ

ಕ್ರಿಸ್ಮಸ್ ಹತ್ತಿರವಾಗುತ್ತಿದ್ದಂತೆ ಧರ್ಮಕೇಂದ್ರಗಳಲ್ಲಿ ಗೋದಲಿ, ನಕ್ಷತ್ರ, ಮನೆಯ ಅಲಂಕಾರ, ನೆರೆಹೊರೆಯವರಿಗೆ ಕುಸ್ವಾರ್ ಹಂಚುವ ಸಿದ್ಧತೆ ಎಲ್ಲವೂ ಒಟ್ಟಿಗೇ ಆರಂಭವಾಗುತ್ತದೆ. ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ, ಥರ್ಮೊಕೋಲ್ ಗುಡ್ಡ, ಮಿರುಗುವ ಹೊದಿಕೆಯ ಡಬ್ಬಗಳಿಗೆ ತಗಲುವ ಖರ್ಚು ಸಣ್ಣದಲ್ಲ. ಜನವರಿ ಬರುವಷ್ಟರಲ್ಲಿ ಅವು ಕಸದ ಗುಂಡಿಯಲ್ಲಿರುತ್ತವೆ. ಇನ್ನೊಂದು ವಿಷಯವನ್ನು ಗೋದಲಿ ಕಟ್ಟುವ ನಮ್ಮ ಯುವಜನರು ಗಮನಿಸಬೇಕು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್ ಮತ್ತು ಸಿಹಿತಿಂಡಿ ಡಬ್ಬಗಳಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಎರಡೂ ಸೇರಿವೆ. ಹೀಗಿದ್ದರೂ ಪ್ರತಿ ಡಿಸೆಂಬರಿನಲ್ಲಿ ಬೆತ್ಲೆಹೆಮಿನ ಬೆಟ್ಟ ಮಾತ್ರ ಥರ್ಮೊಕೋಲಿನಲ್ಲೇ ಎದ್ದು ನಿಲ್ಲುತ್ತದೆ!

ಈ ಲೇಖನಕ್ಕೆ ನಾವು ಆರಿಸಿಕೊಂಡ ಊರು ಘಟ್ಟದ ಮೇಲಿನ ಲಕ್ಕವಳ್ಳಿ. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲೂಕಿನ ಹೋಬಳಿ ಕೇಂದ್ರವಾದ ಇದು ತರೀಕೆರೆಯಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ಭದ್ರಾ ಅಣೆಕಟ್ಟು ಇರುವುದು ಇಲ್ಲಿಯೇ. ಕರಾವಳಿಯಿಂದ ಕಾಫಿ ಸೀಮೆಗೆ, ತೋಟದ ಕೆಲಸಕ್ಕೆ ಹೋಗಿ ನೆಲೆನಿಂತ ಕುಟುಂಬಗಳು ಚಿಕ್ಕಮಗಳೂರು ಜಿಲ್ಲೆಯಲ್ಲಿ ಬಹಳ. ಅಲ್ಲಿ ನಂಟರಿಲ್ಲದ ಧರ್ಮಕೇಂದ್ರ ನಮ್ಮಲ್ಲಿ ವಿರಳವೆಂದೇ ಹೇಳಬಹುದು. ಒಂದು ಕಡೆ ಅಡಿಕೆ ಮತ್ತು ತೆಂಗು, ಇನ್ನೊಂದು ಕಡೆ ಭದ್ರೆಯ ನೀರಿನ ಭತ್ತದ ಗದ್ದೆ, ಮಗ್ಗುಲಲ್ಲೇ ಕಾಡು. ಕೈಕೆಲಸಕ್ಕೆ ಬೇಕಾದ ಸಾಮಗ್ರಿ ಇಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಆದರೆ ಯಾವುದನ್ನು ಎಲ್ಲಿಂದ ತರಬೇಕು, ಹೇಗೆ ಒಣಗಿಸಬೇಕು ಎಂಬುದನ್ನು ಮೊದಲು ತಿಳಿದಿರಬೇಕು.

ಎಲ್ಲಿಂದ ತರಬೇಕು ಎಂಬ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಗೋದಲಿಗೆಂದು ಮಕ್ಕಳು ಬಂಡೆಯ ಪಾಚಿ, ಜರಿಗಿಡ, ಬಿದಿರು, ಬಳ್ಳಿಗಳನ್ನು ಕಾಡಿನಿಂದ ತರುವುದು ಮಲೆನಾಡಿನಲ್ಲಿ ಹಳೆಯ ರೂಢಿ. ಲಕ್ಕವಳ್ಳಿಯ ಪಕ್ಕದ ಕಾಡು ಸಾಮಾನ್ಯ ಕಾಡಲ್ಲ. ಅದು ಭದ್ರಾ ವನ್ಯಜೀವಿ ಅಭಯಾರಣ್ಯ, 1998ರಿಂದ ಹುಲಿ ಸಂರಕ್ಷಿತ ಪ್ರದೇಶವೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ ಒಳಗಿನಿಂದ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನ ತೆಗೆಯುವಂತಿಲ್ಲ. ಒಂದು ಬುಟ್ಟಿ ಪಾಚಿ ಎಷ್ಟರ ಮಾತು ಎಂದು ಕೇಳುವವರಿದ್ದಾರೆ. ಇದೇ ಕಾಡಿನೊಳಗಿದ್ದ ಹಳ್ಳಿಗಳ ಕುಟುಂಬಗಳು 2001-02ರ ಸುಮಾರಿಗೆ ಮನೆ, ಗದ್ದೆ ಬಿಟ್ಟು ಹೊರಬಂದಿವೆ; ಅವರಲ್ಲಿ ಅನೇಕರಿಗೆ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಯಲ್ಲಿ ಪುನರ್ವಸತಿ ಆಯಿತು. ಕಾಡಿಗಾಗಿ ಊರನ್ನೇ ಬಿಟ್ಟುಕೊಟ್ಟವರ ನೆರೆಯಲ್ಲಿ ಕುಳಿತು, ಒಂದು ವಾರದ ಅಲಂಕಾರಕ್ಕೆ ಅದೇ ಕಾಡನ್ನು ಕೆರೆದು ತರುವುದು ಸರಿಕಾಣುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪಾಚಿಯ ಬದಲಿಗೆ ಸುಲಭದ ದಾರಿಯಿದೆ, ಕರಾವಳಿಯ ಅನೇಕ ಮನೆಗಳಲ್ಲಿ ಇದು ಈಗಾಗಲೇ ಬಳಕೆಯಲ್ಲಿದೆ. ಅಗಲವಾದ ತಟ್ಟೆ ಅಥವಾ ಅಡಿಕೆ ಹಾಳೆಯಲ್ಲಿ ಒಂದು ಅಂಗುಲ ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹರಡಿ, ಒಂದು ರಾತ್ರಿ ನೆನೆಸಿದ ರಾಗಿಯನ್ನು ದಟ್ಟವಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಬೇಕು. ದಿನಕ್ಕೆ ಎರಡು ಸಲ ಕೈಯಿಂದ ನೀರು ಚಿಮುಕಿಸಿದರೆ ಸಾಕು. ಡಿಸೆಂಬರ್ 12ರ ಹೊತ್ತಿಗೆ ಬಿತ್ತಿದರೆ 24ರ ರಾತ್ರಿಗೆ ಎಳೆ ಹಸಿರಿನ ಹುಲ್ಲುಗಾವಲು ಸಿದ್ಧವಾಗಿರುತ್ತದೆ. ಭತ್ತವಾದರೆ ಮೊಳಕೆ ಬರಿಸಿಯೇ ಬಿತ್ತಬೇಕು, ಮಲೆನಾಡಿನ ಚಳಿಗೆ ಅದು ನಿಧಾನ. ಗುಡ್ಡಕ್ಕೆ ಹಳೆಯ ಗೋಣಿಚೀಲವಿದೆ. ಕೆಮ್ಮಣ್ಣನ್ನು ಮೈದಾ ಅಂಟಿನೊಂದಿಗೆ ದೋಸೆಹಿಟ್ಟಿನ ಹದಕ್ಕೆ ಕಲಸಿ, ಗೋಣಿಯನ್ನು ಅದರಲ್ಲಿ ಅದ್ದಿ, ಕಲ್ಲು ಮತ್ತು ಕೋಲುಗಳ ಮೇಲೆ ಬೇಕಾದ ಆಕಾರಕ್ಕೆ ಹೊದಿಸಿ ಎರಡು ದಿನ ಬಿಟ್ಟರೆ ಬಂಡೆಯಂತೆ ಬಿಗಿಯಾಗುತ್ತದೆ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಏರ್ಪಡಿಸಿದ ಗೋದಲಿಯಲ್ಲಿ ಇದ್ದದ್ದು ಹುಲ್ಲು, ಎತ್ತು ಮತ್ತು ಕತ್ತೆ. ಆ ಲೆಕ್ಕದಲ್ಲಿ ಗೋಣಿಯೂ ಸ್ವಲ್ಪ ಹೆಚ್ಚೇ ಆಯಿತು.

ಇನ್ನು ಅಡಿಕೆ ಹಾಳೆಗೆ ಬರೋಣ. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ಮಳೆಗಾಲದಲ್ಲಿ ಬಿದ್ದ ಹಾಳೆ ಕಪ್ಪು ಹಿಡಿದಿರುತ್ತದೆ, ಅದು ಗೊಬ್ಬರಕ್ಕೆ ಸರಿ. ಕೈಕೆಲಸಕ್ಕೆ ಬೇಸಿಗೆಯಲ್ಲಿ ಬಿದ್ದದ್ದನ್ನು ಅಂದೇ ಹೆಕ್ಕಿ, ಒಣಗಿಸಿ, ಅಟ್ಟದಲ್ಲಿ ಇಟ್ಟುಕೊಳ್ಳಬೇಕು. ಡಿಸೆಂಬರಿನ ಕೆಲಸ ಏಪ್ರಿಲ್‌ನಲ್ಲೇ ಶುರುವಾಗುತ್ತದೆ ಎನ್ನುವುದು ಇದಕ್ಕೇ. ಬಳಸುವ ಹಿಂದಿನ ರಾತ್ರಿ ಹಾಳೆಯನ್ನು ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ರುಬ್ಬುವ ಗುಂಡು ಹೇರಿ. ಎರಡು ದಿನದಲ್ಲಿ ಹಾಳೆ ಕಾಗದದಂತೆ ಚಪ್ಪಟೆಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಕತ್ತರಿಸಲು ಹೋದರೆ ಸೀಳುತ್ತದೆ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕತ್ತರಿ ಆಡಿಸಬೇಕು. ಕತ್ತರಿಸಿದ ತುಂಡುಗಳನ್ನು ನೆರಳಿನಲ್ಲಿ ಒಣಗಿಸಿ. ರಾತ್ರಿ ಹೊರಗೆ ಬಿಟ್ಟರೆ ಇಬ್ಬನಿಗೆ ಬೂಷ್ಟು ಬರುವುದು ಖಂಡಿತ.

ಈ ತುಂಡುಗಳಿಂದ ಏನೆಲ್ಲ ಆಗುತ್ತದೆ? ಅಂಗೈಯಗಲದ ನಕ್ಷತ್ರ, ದೇವದೂತರ ರೆಕ್ಕೆ, ಫೋಟೊ ಚೌಕಟ್ಟು, ಹಬ್ಬದ ಶುಭಾಶಯ ಪತ್ರ. ಹಾಳೆಯ ಒಳಮೈ ನಯವಾಗಿ ಬಿಳಿಚಿಕೊಂಡಿರುವುದರಿಂದ ಬಣ್ಣ ಚೆನ್ನಾಗಿ ಕೂರುತ್ತದೆ. ಬಣ್ಣಕ್ಕೂ ಅಂಗಡಿಗೆ ಹೋಗಬೇಕಿಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪನ್ನು ಬಳಸುತ್ತಾರೆ. ಪುಂಡಿ ನಾರೇ ಅವರ ಕುಂಚ. ಅವರ ಚಿತ್ತಾರವನ್ನು ನಕಲು ಮಾಡಿ ನಮ್ಮದೆನ್ನುವುದು ಬೇಡ, ಬಣ್ಣ ತಯಾರಿಸುವ ಜಾಣ್ಮೆಯನ್ನು ಕಲಿಯಬಹುದು. ಹಾಳೆಯ ನಾಲ್ಕೂ ಮೂಲೆಗಳನ್ನು ಹಸಿಯಿದ್ದಾಗ ಮಡಚಿ ಬಾಳೆ ನಾರಿನಿಂದ ಹೊಲಿದರೆ ಕುಸ್ವಾರ್ ಹಂಚುವ ಬುಟ್ಟಿ ಸಿದ್ಧ. ಒಳಗೆ ಬಾಡಿಸಿದ ಬಾಳೆಎಲೆ ಅಥವಾ ಬೆಣ್ಣೆ ಕಾಗದ ಹಾಸಿ. ಅಡಿಕೆ ಹಾಳೆಯ ತಟ್ಟೆಗಳನ್ನು ಆಹಾರಕ್ಕೆ ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಹೇಳಿದ ಮೇಲೆ ನಮ್ಮ ಹಾಳೆ ತಟ್ಟೆ ಉದ್ಯಮಕ್ಕೆ ಪೆಟ್ಟು ಬಿದ್ದಿದೆ. ತಲೆಮಾರುಗಳಿಂದ ಹಾಳೆಯಲ್ಲಿ ಉಂಡವರಿಗೆ ಇದು ವಿಚಿತ್ರವಾಗಿ ಕಂಡೀತು. ಏನೇ ಇರಲಿ, ಒಂದು ಎಲೆ ಹಾಸಿದರೆ ಎಣ್ಣೆಯ ಕಲೆಯೂ ತಪ್ಪುತ್ತದೆ, ವಾದವೂ ತಪ್ಪುತ್ತದೆ.

ತೆಂಗಿನ ಕರಟ, ಕರಾವಳಿಯವರು ಗೆರಟೆ ಎನ್ನುತ್ತಾರೆ, ಕೈಕೆಲಸದಲ್ಲಿ ಹೆಚ್ಚು ಶ್ರಮ ಬೇಡುವ ವಸ್ತು. ಹೊರಗಿನ ನಾರನ್ನು ಒಡೆದ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು, ಮೊದಲು ಒರಟು, ನಂತರ ನುಣುಪು ಸ್ಯಾಂಡ್ ಪೇಪರಿನಿಂದ ಉಜ್ಜಿ, ಕೊನೆಗೆ ಕೊಬ್ಬರಿ ಎಣ್ಣೆ ಸವರಿದರೆ ಕಪ್ಪು ಮರದಂತೆ ಹೊಳೆಯುತ್ತದೆ. ಬೇರೆ ಪಾಲಿಶ್ ಏನೂ ಬೇಡ. ಪೆನ್ನು ಇಡುವ ಬಟ್ಟಲು, ಗೋಡೆಗೆ ತೂಗುವ ಸಣ್ಣ ಹೂಕುಂಡ, ಗೋದಲಿಯ ಗುಡಿಸಲಿಗೆ ಮಾಡು, ಹೀಗೆ ಹಲವು ಬಗೆ. ಮೇಣದ ಬತ್ತಿಯ ದೀಪ ಮಾಡುವವರು ಮಾತ್ರ ಎಚ್ಚರ ವಹಿಸಬೇಕು. ಕರಟ ಒಳ್ಳೆಯ ಸೌದೆ, ಒಳ್ಳೆಯ ಇದ್ದಿಲು. ಅದರೊಳಗೆ ನೇರವಾಗಿ ಮೇಣ ಸುರಿದು ಬತ್ತಿ ಹಚ್ಚಿದರೆ ಕೊನೆಗೆ ಕರಟವೇ ಹೊತ್ತಿಕೊಳ್ಳಬಹುದು. ಒಳಗೆ ಮಣ್ಣಿನ ಹಣತೆ ಕೂರುವಷ್ಟು ಅಗಲದ ಕರಟವನ್ನೇ ಆರಿಸಿ, ಹಣತೆಯ ಸುತ್ತ ಮರಳು ತುಂಬಿ.

ನಕ್ಷತ್ರವಿಲ್ಲದೆ ನಮ್ಮ ಕಡೆ ಹಬ್ಬವಿಲ್ಲ. ಬಿದಿರಿನ ಕಡ್ಡಿಯ ನಕ್ಷತ್ರ ಕಟ್ಟುವುದನ್ನು ಈಗಿನ ಯುವಕರಲ್ಲಿ ಅನೇಕರು ಕಲಿತೇ ಇಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸುತ್ತೇವೆ. ಎರಡು ಅಡಿ ಉದ್ದದ ಹತ್ತು ಕಡ್ಡಿಗಳು, ಐದು ಅಂಗುಲದ ಐದು ತುಂಡುಗಳು ಬೇಕು. ಐದು ಉದ್ದ ಕಡ್ಡಿಗಳನ್ನು ಒಂದರ ಮೇಲೊಂದು ಹಾಯುವಂತೆ ಇಟ್ಟು ತುದಿಗಳನ್ನು ದಾರದಿಂದ ಬಿಗಿದರೆ ಒಂದು ಚಪ್ಪಟೆ ನಕ್ಷತ್ರವಾಗುತ್ತದೆ. ಅಳತೆಯಲ್ಲಿ ಅದರಂತೆಯೇ ಇನ್ನೊಂದು. ಎರಡನ್ನೂ ಮುಖಾಮುಖಿ ಇಟ್ಟು, ಐದು ಹೊರತುದಿಗಳನ್ನು ಜೋಡಿಯಾಗಿ ಕಟ್ಟಿ, ಒಳಗೆ ಕಡ್ಡಿಗಳು ಹಾಯುವ ಐದು ಕೂಡುಗಳಲ್ಲಿ ಗಿಡ್ಡ ತುಂಡುಗಳನ್ನು ನಿಲ್ಲಿಸಿದರೆ ನಕ್ಷತ್ರ ಉಬ್ಬಿ ನಿಲ್ಲುತ್ತದೆ. ಮೇಲೆ ಗಾಳಿಪಟದ ಕಾಗದ. ಒಂದು ತ್ರಿಕೋನವನ್ನು ಅಂಟಿಸದೆ ಬಿಡಿ, ದೀಪ ಇಳಿಬಿಡಲು ಅದೇ ಬಾಗಿಲು. ಹಳೆಯ ಕಾವಿನ ಬಲ್ಬು ಬೇಡವೇ ಬೇಡ, ಸಣ್ಣ ಎಲ್‌ಇಡಿ ಸಾಕು. ಅಂಟಿಗೆ ಮೈದಾವನ್ನು ನೀರಿನಲ್ಲಿ ಕುದಿಸಿ, ಕಾಗದವನ್ನು ಜಿರಳೆ ತಿನ್ನದಂತೆ ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಅಡಿಕೆ ಮನೆಗಳಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಅದು ವಿಷ, ಈ ಅಂಟನ್ನು ದೊಡ್ಡವರೇ ಕಲಸಲಿ, ಅಡುಗೆ ಪಾತ್ರೆ ಬಳಸದಿರಲಿ, ಮಕ್ಕಳ ಕೈಗೆ ಕೊಡುವ ಅಂಟಿಗೆ ಇದನ್ನು ಸೇರಿಸಬಾರದು. ಬಿದಿರು ಸ್ವಂತ ಹಿತ್ತಿಲಿನದಾದರೆ ಇಬ್ಬರು ಕುಳಿತು ಒಂದು ಸಂಜೆಯಲ್ಲಿ ಮುಗಿಸುವ ಈ ನಕ್ಷತ್ರಕ್ಕೆ ಕಾಗದ ಮತ್ತು ದಾರದ ಖರ್ಚು ಮಾತ್ರ.

ಬಿದಿರಿನ ಬಗ್ಗೆ ಎರಡು ಮಾತು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ಆದ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಈಗ ಆ ಕಾಯ್ದೆಯಲ್ಲಿ ಮರದ ವ್ಯಾಖ್ಯೆಗೆ ಒಳಪಡುವುದಿಲ್ಲ. ಬೇಲಿಯ ಬಿದಿರನ್ನು ಬಳಸಲು ಹಿಂಜರಿಯಬೇಕಾಗಿಲ್ಲ. ಮನೆಯಲ್ಲಿ ಬಿದಿರಿಲ್ಲದವರು ಸೀಳಿದ ಕಡ್ಡಿಯನ್ನು ಮೇದರಿಂದ ಕೊಳ್ಳುವುದು ಉತ್ತಮ. ಅವರಿಗೂ ನಾಲ್ಕು ಕಾಸು ಸಿಗುತ್ತದೆ, ಸೀಳುವ ಕೈಚಳಕವಂತೂ ನಮ್ಮ ನಿಮ್ಮಿಂದ ಆಗುವಂಥದ್ದಲ್ಲ. ಹಸಿ ಬಿದಿರಿನಲ್ಲಿ ಪಿಷ್ಟವಿರುವುದರಿಂದ ಬೇಗ ಕುಟ್ಟೆ ಹಿಡಿಯುತ್ತದೆ. ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು ಒಣಗಿಸಿದರೆ ಕಡ್ಡಿ ಹಲವು ಹಬ್ಬ ಕಾಣುತ್ತದೆ.

ಬಾಗಿಲಿಗೆ ಕಟ್ಟುವ ಹಸಿರು ಚಕ್ರ, ಆಗಮನ ಕಾಲದ ನಾಲ್ಕು ಮೇಣದ ಬತ್ತಿಗಳ ವರ್ತುಲ ಇವುಗಳಿಗೆ ಲಂಟಾನದ ಕೋಲು ಹೇಳಿ ಮಾಡಿಸಿದಂತಿದೆ. ಆಗಮನ ಕಾಲದ ವರ್ತುಲವನ್ನು 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿಖೆರ್ನ್ ಎಂಬ ಲೂಥೆರನ್ ಪಾದ್ರಿ ಬಡ ಮಕ್ಕಳಿಗಾಗಿ ಹಳೆಯ ಬಂಡಿಯ ಗಾಲಿಯಿಂದ ಮಾಡಿದರೆಂದು ಹೇಳುತ್ತಾರೆ. ಲಂಟಾನ ನಮ್ಮ ನಾಡಿನದಲ್ಲ. ಬೇಲಿ, ಬಯಲು, ಕಾಡು ಎಲ್ಲೆಡೆ ಹಬ್ಬಿ ಹುಲ್ಲನ್ನು ನುಂಗಿರುವ ಕಳೆ ಅದು. ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ತರಬೇತಿ ಪಡೆದ ಸೋಲಿಗರು ಇದರಿಂದ ಕುರ್ಚಿ, ಮೇಜು, ಬುಟ್ಟಿಗಳನ್ನೇ ಮಾಡುತ್ತಾರೆ. ಕೋಲನ್ನು ನೀರಿನಲ್ಲಿ ಕುದಿಸಿ ತೊಗಟೆ ಸುಲಿದರೆ ಬೆತ್ತದಂತೆ ಬಾಗುತ್ತದೆ ಎಂಬುದೇ ಅವರ ಕಸುಬಿನ ಗುಟ್ಟು. ನಮಗೆ ಒಂದು ಮೊಳ ಅಗಲದ ಬಳೆ ಸಾಕು. ಕತ್ತರಿಸುವುದು ತೋಟದ ಬೇಲಿಯಿಂದಲೇ ಆಗಲಿ. ಎಲೆ ದನಕರುಗಳಿಗೆ ವಿಷವಾದ್ದರಿಂದ ಕೊಟ್ಟಿಗೆಯ ಬಳಿ ಬಿಸಾಡಬೇಡಿ.

ಎಲ್ಲಕ್ಕಿಂತ ಚೆಲುವಾದದ್ದು ನಮ್ಮ ಮಟ್ಟಿಗೆ ಭತ್ತದ ತೆನೆಯ ತೋರಣ. ಸೆಪ್ಟೆಂಬರ್ 8ರ ತೆನೆ ಹಬ್ಬದಂದು ಹೊಸ ತೆನೆಯನ್ನು ಮನೆಗೆ ಒಯ್ಯುವ ನಮ್ಮವರಿಗೆ ಇದನ್ನು ಬೇರೆ ಪರಿಚಯಿಸಬೇಕಿಲ್ಲ. ಮಲೆನಾಡಿನಲ್ಲಿ ದೀವರು ತಲೆಬಾಗಿಲಿಗೆ ಕಟ್ಟುವ ತೆನೆ ತೋರಣ ನೋಡುವಂಥದ್ದು. ಭದ್ರೆಯ ಮಳೆಗಾಲದ ಬೆಳೆ ಕೊಯ್ಲಾಗುವುದು ನವೆಂಬರ್, ಡಿಸೆಂಬರಿನಲ್ಲಿ. ಹಬ್ಬಕ್ಕೆ ಸರಿಯಾದ ಕಾಲ. ಪೂರ್ತಿ ಮಾಗಿದ ತೆನೆ ಕಾಳು ಉದುರಿಸುತ್ತದೆ. ಅದಕ್ಕೆ ವಾರ ಮೊದಲು, ಅರ್ಧ ಹಸಿರು ಅರ್ಧ ಹೊನ್ನಾಗಿರುವಾಗ, ಒಂದು ಗೇಣು ಕಡ್ಡಿಯೊಂದಿಗೆ ಕೊಯ್ದು, ಹಿಡಿಹಿಡಿಯಾಗಿ ಕಟ್ಟಿ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ಹೆಣೆಯುವ ಒಂದು ಗಂಟೆ ಮೊದಲು ಕಡ್ಡಿಗಳಿಗೆ ಒದ್ದೆ ಬಟ್ಟೆ ಸುತ್ತಿಡಬೇಕು, ಇಲ್ಲದಿದ್ದರೆ ಮುರಿಯುತ್ತವೆ. ಆಮೇಲೆ ಮೂರೆಳೆ ಜಡೆ. ಪ್ರತಿ ಹೆಣಿಗೆಗೆ ಎಡಕ್ಕೊಂದು ಬಲಕ್ಕೊಂದು ಹೊಸ ತೆನೆ ಸೇರಿಸುತ್ತ ಹೋದರೆ ತೆನೆಗಳು ಎರಡೂ ಕಡೆ ಗೆಜ್ಜೆಯಂತೆ ಇಳಿಬೀಳುತ್ತವೆ. ಜಡೆ ಹಾಕಲು ಬರುವ ಯಾವ ಹುಡುಗಿಯೂ ಇದನ್ನು ಅರ್ಧ ಗಂಟೆಯಲ್ಲಿ ಕಲಿಯುತ್ತಾಳೆ, ಹುಡುಗರಿಗೆ ಒಂದು ದಿನ ಬೇಕಾದೀತು.

ಇವನ್ನು ಧರ್ಮಕೇಂದ್ರದ ಮಳಿಗೆಯಲ್ಲಿ ಮಾರಬೇಕೆಂದಿರುವ ಸ್ತ್ರೀ ಸಂಘಟನೆಗಳು ಮತ್ತು ಸ್ವಸಹಾಯ ಸಂಘಗಳು ಬೆಲೆ ಕಟ್ಟುವಾಗ ಸಂಕೋಚಪಡುವುದನ್ನು ಕಾಣುತ್ತೇವೆ. ಹಾಳೆ ಪುಕ್ಕಟೆ ಬಂತು, ಆದ್ದರಿಂದ ನಕ್ಷತ್ರಕ್ಕೆ ಐದು ರೂಪಾಯಿ ಸಾಕು ಎನ್ನುವುದು ತಪ್ಪು ಲೆಕ್ಕ. ಕರಟ ಉಜ್ಜಿದ ಎರಡು ಗಂಟೆಗೆ ಆ ಊರಿನ ತೋಟದ ಕೂಲಿಯ ಲೆಕ್ಕದಲ್ಲಾದರೂ ಬೆಲೆ ಸೇರಿಸಬೇಕು. ಹಾಗೆ ಸೇರಿಸಿದಾಗ ಯಾರೂ ಕೊಳ್ಳದಷ್ಟು ದುಬಾರಿಯಾದರೆ ಆ ವಸ್ತುವನ್ನು ಮಾರಾಟಕ್ಕೆ ಇಡದೆ ನಂಟರಿಗೆ ಉಡುಗೊರೆಯಾಗಿ ಕೊಡುವುದೇ ಲೇಸು.

ಘಟ್ಟದ ಮೇಲಿಂದ ಕರಾವಳಿಗೆ ಬಸ್ಸಿನಲ್ಲಿ ಕಳುಹಿಸುವವರು ತೋರಣವನ್ನು ಮಡಚದೆ, ಹಳೆಯ ಸೀರೆಯಲ್ಲಿ ಸಡಿಲವಾಗಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಉದ್ದಕ್ಕೆ ಮಲಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಕೆಳಗಿನ ಸೆಕೆಗೆ ಬೆವರಿ ಒಂದೇ ದಿನದಲ್ಲಿ ಮುಗ್ಗುತ್ತದೆ. ಬಾಗಿಲಿಗೆ ಕಟ್ಟುವಾಗ ಇಲಿ ಏರದ ಜಾಗ ನೋಡಿಕೊಳ್ಳಿ. ಹಬ್ಬ ಮುಗಿದ ಮೇಲೆ ನಕ್ಷತ್ರದ ಕಾಗದ ಹರಿದು, ಗಿಡ್ಡ ತುಂಡುಗಳನ್ನು ಬಿಚ್ಚಿ, ಕಡ್ಡಿಯ ಚೌಕಟ್ಟನ್ನು ಚಪ್ಪಟೆಯಾಗಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಮುಂದಿನ ವರ್ಷಕ್ಕೆ ಕಾಗದವೊಂದೇ ಖರ್ಚು. ತೋರಣದ ತೆನೆ ಮಾರ್ಚಿಗೆ ಬಣ್ಣಗೆಡುತ್ತದೆ, ಆಗ ಇಳಿಸಿ ಕೋಳಿಗಳಿಗೆ ಹಾಕಬಹುದು.