ಡಿಇಎಫ್ ತುಂಬಿದರೂ ಆರದ ದೀಪ

2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್-6 ನಿಯಮ ಜಾರಿಗೆ ಬಂದ ಬಳಿಕ ದೇಶದ ಹಲವು ಡೀಸೆಲ್ ಕಾರುಗಳಿಗೆ ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್ (ಡಿಇಎಫ್) ಟ್ಯಾಂಕ್ ಕೂಡ ಸೇರಿದೆ. ಶೇ 32.5ರಷ್ಟು ಯೂರಿಯಾ, ಉಳಿದಂತೆ ಖನಿಜಾಂಶ ತೆಗೆದ ನೀರು ಇರುವ ಈ ದ್ರಾವಣವು ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸುತ್ತದೆ.

ದ್ರಾವಣ ತಳ ಕಾಣುತ್ತಿದ್ದಂತೆ ಎಚ್ಚರಿಕೆಯ ದೀಪ ಹೊತ್ತಿ, ಇನ್ನೆಷ್ಟು ಕಿಲೋಮೀಟರ್ ಓಡಬಹುದೆಂಬ ಲೆಕ್ಕ ಇಳಿಯತೊಡಗುತ್ತದೆ. ಅದು ಸೊನ್ನೆ ಮುಟ್ಟಿದರೂ ಓಡುತ್ತಿರುವ ಎಂಜಿನ್ ನಿಲ್ಲದು. ಆದರೆ ಒಮ್ಮೆ ಆರಿಸಿದರೆ ಬಹುತೇಕ ಕಾರುಗಳು ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಘಾಟಿ ರಸ್ತೆಯಲ್ಲಿ ಇದು ಸಣ್ಣ ತೊಂದರೆಯಲ್ಲ.

ತುಂಬಿದ ಮೇಲೂ ದೀಪ ಆರದಿದ್ದರೆ ಮೊದಲು ನೋಡಬೇಕಾದುದು ಪ್ರಮಾಣ. ಅರ್ಧ, ಒಂದು ಲೀಟರ್ ಸುರಿದರೆ ಸೆನ್ಸರ್ ಗುರುತಿಸದಿರಬಹುದು. ಕೈಪಿಡಿ ಸೂಚಿಸಿದಷ್ಟು ತುಂಬಿ, ಸಮತಟ್ಟಾದ ಜಾಗದಲ್ಲಿ ಇಗ್ನಿಷನ್ ಆನ್ ಮಾಡಿ ತುಸು ಕಾಯಬೇಕು; ಕೆಲವಕ್ಕೆ ಸ್ವಲ್ಪ ದೂರದ ಓಟವೂ ಬೇಕು. ಆಗಲೂ ಆರದಿದ್ದರೆ ಯೂರಿಯಾ ಹರಳುಗಟ್ಟಿರಬಹುದು, ಮಟ್ಟ ಅಳೆಯುವ ಇಲ್ಲವೇ ನಾಕ್ಸ್ ಸೆನ್ಸರ್ ಕೆಟ್ಟಿರಬಹುದು. ಸ್ಕ್ಯಾನರ್‌ನಲ್ಲಿ ಕೋಡ್ ಓದಿಸದೆ ಬಿಡಿಭಾಗ ಬದಲಿಸುವುದು ಹಣಕ್ಕೆ ದಂಡ.

ನಲ್ಲಿ ನೀರು ಬೆರೆಸಿ ಮಟ್ಟ ಏರಿಸುವುದಂತೂ ಸಲ್ಲದು. ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಡಿಇಎಫ್ ಬಿದ್ದರೆ ಕೀಲಿಯನ್ನೇ ತಿರುಗಿಸದೆ ಕಾರನ್ನು ಗ್ಯಾರೇಜಿಗೆ ಎಳೆಸಬೇಕು.