ಸಾಂಬ್ರಾ ನಿಲ್ದಾಣ: ಬಿಟ್ಟು ಹೋದವರಿಂದ ಆದ ಲಾಭ

ಭೋಸರಿಯಲ್ಲಿ ನಮ್ಮ ಕಡೆಯ ನಾಲ್ಕು ಜನ ಸೇರಿದರೆ ಸಾಕು, ಮಾತು ಊರಿನ ಮಳೆಯಿಂದ ಶುರುವಾಗಿ ಬೆಳಗಾವಿ-ಹುಬ್ಬಳ್ಳಿ ಜಗಳಕ್ಕೆ ಬಂದು ನಿಲ್ಲುತ್ತದೆ. ಸುವರ್ಣಸೌಧ ನಮಗೆ, ರೈಲ್ವೆ ವಲಯ ಅವರಿಗೆ. ವಿಟಿಯು ನಮಗೆ, ಹೈಕೋರ್ಟ್ ಪೀಠ ಅವರ ಧಾರವಾಡಕ್ಕೆ. ಈ ಪಟ್ಟಿಯಲ್ಲಿ 2018ರಲ್ಲಿ ವಿಮಾನವೂ ಸೇರಿಕೊಂಡಿತು ನೋಡಿ. ಆ ಕಥೆ ನಾವು ಜಗಳದಲ್ಲಿ ಹೇಳುವಷ್ಟು ಸರಳವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಿರಿತನದಲ್ಲಿ ಬೆಳಗಾವಿಯದ್ದು ಸಣ್ಣ ಹೆಸರಲ್ಲ. ಊರಿಂದ ಹತ್ತು ಕಿಲೋಮೀಟರ್ ದೂರದ ಸಾಂಬ್ರಾದಲ್ಲಿ 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಬ್ರಿಟಿಷ್ ವಾಯುಪಡೆ ಈ ನಿಲ್ದಾಣ ಕಟ್ಟಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದಾಗ ಪುಣೆಯಿಂದ ಕ್ಯಾನ್‌ಬೆರಾ ವಿಮಾನಗಳು ಹೋಗಿ ದಾಬೋಳಿ ರನ್‌ವೇ ಮೇಲೆ ಬಾಂಬು ಹಾಕಿದವು, ಸಾಂಬ್ರಾದಿಂದ ಹಂಟರ್ ವಿಮಾನಗಳು ಹೋಗಿ ಬಾಂಬೋಳಿಯ ವೈರ್‌ಲೆಸ್ ಕೇಂದ್ರ ಹೊಡೆದವು. ಇವತ್ತು ನಮ್ಮ ತಾರಸಿಯಿಂದ ಕಾಣುವ ಲೋಹಗಾಂವ್ ವಿಮಾನಗಳಿಗೂ ನಮ್ಮೂರಿನ ಸಾಂಬ್ರಾಕ್ಕೂ ಹಾಗೊಂದು ಹಳೆಯ ನಂಟು! ತಮಾಷೆ ಎಂದರೆ, ಅಂದು ಬಾಂಬು ತಿಂದ ದಾಬೋಳಿಯೇ ಮುಂದೆ ಪ್ರವಾಸಿಗಳಿಂದ ಬೆಳೆದು ದೊಡ್ಡದಾಯಿತು. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಉಳಿಯಿತು. ಪ್ರಯಾಣಿಕರ ವಿಮಾನ ಮಾತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು, ರನ್‌ವೇ 2,300 ಮೀಟರ್ ಆಯಿತು. ಸ್ಪೈಸ್‌ಜೆಟ್ ಕಂಪನಿಯ ಹಾರಾಟ ಚೆನ್ನಾಗಿಯೇ ನಡೆದಿತ್ತು. ಇನ್ನೇನು ನಮ್ಮೂರು ಮೇಲೆದ್ದಿತು ಅನ್ನುವಷ್ಟರಲ್ಲಿ, 2018ರ ಮೇ ತಿಂಗಳಲ್ಲಿ ಆ ಕಂಪನಿ ಗಂಟುಮೂಟೆ ಕಟ್ಟಿ ಹುಬ್ಬಳ್ಳಿಗೆ ಹೊರಟಿತು. ಹೊಸ ಕಟ್ಟಡ ಭಣಭಣ.

ಯಾಕೆ ಹೋಯಿತು? ಇಲ್ಲಿ ಉಡಾನ್ ಯೋಜನೆಯ ಲೆಕ್ಕ ಸ್ವಲ್ಪ ತಿಳಿಯಬೇಕು. 2016ರಲ್ಲಿ ಘೋಷಣೆಯಾದ ಯೋಜನೆ ಇದು. ಸಣ್ಣ ಊರುಗಳಿಗೆ ಹಾರುವ ವಿಮಾನದ ಅರ್ಧದಷ್ಟು ಸೀಟುಗಳನ್ನು ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿಗೆ ಮಾರಬೇಕಿತ್ತು. ಅದರಿಂದಾಗುವ ನಷ್ಟವನ್ನು ಮೂರು ವರ್ಷ ಸರಕಾರ ತುಂಬಿಕೊಡುತ್ತಿತ್ತು, ಆ ಮೂರು ವರ್ಷ ಆ ಮಾರ್ಗ ಆ ಕಂಪನಿಗೇ ಮೀಸಲಾಗಿತ್ತು. ಆದರೆ ಆಗಿನ ನಿಯಮದ ಪ್ರಕಾರ ವಾರಕ್ಕೆ ಏಳಕ್ಕಿಂತ ಹೆಚ್ಚು ವಿಮಾನ ಇರುವ ಊರಿಗೆ ಇದು ಇಲ್ಲ. ದುರಸ್ತಿ ಮುಗಿಸಿ ಆಗತಾನೆ ತೆರೆದಿದ್ದ ಹುಬ್ಬಳ್ಳಿ ಎರಡನೇ ಸುತ್ತಿನಲ್ಲಿ ಆಯ್ಕೆಯಾಯಿತು. ಬೆಳಗಾವಿ ಹೊಟ್ಟೆ ತುಂಬಿದವರ ಪಂಕ್ತಿಯಲ್ಲಿ ಕುಳಿತಿತ್ತು, ಅದಕ್ಕೆ ಬಡಿಸಲಿಲ್ಲ. ಕಂಪನಿಯವರು ಊಟ ಎಲ್ಲಿದೆಯೋ ಅಲ್ಲಿಗೆ ಹೋದರು. ಅವರದೇನೂ ತಪ್ಪಿಲ್ಲ ಬಿಡಿ, ವ್ಯಾಪಾರ.

ಆದರೆ ವಿಮಾನ ಹೋದದ್ದರಿಂದಲೇ ಬೆಳಗಾವಿ "ಬಡವರ" ಪಟ್ಟಿಗೆ ಬರಲು ಅರ್ಹವಾಯಿತು! ಅದೇ ವರ್ಷ ಅಲಯನ್ಸ್ ಏರ್ ಬೆಂಗಳೂರಿಗೆ ಹಾರಾಟ ಶುರು ಮಾಡಿತು. 2019ರ ಜನವರಿಯಲ್ಲಿ ಉಡಾನ್ ಮೂರನೇ ಸುತ್ತಿನ ಪಟ್ಟಿ ಬಂದಾಗ ಬೆಳಗಾವಿಗೆ ಹದಿಮೂರು ಮಾರ್ಗಗಳು. ಸಂಜಯ ಘೋಡಾವತ್ ಸಮೂಹದ ಸ್ಟಾರ್ ಏರ್ ಐವತ್ತು ಸೀಟಿನ ಎಂಬ್ರೇಯರ್ ಜೆಟ್ ತಂದಿತು. ಟ್ರೂಜೆಟ್ ಬಂತು, ಇಂಡಿಗೋ ಬಂತು. ಬಿಟ್ಟು ಹೋಗಿದ್ದ ಸ್ಪೈಸ್‌ಜೆಟ್ ಕೂಡ ಮರಳಿ ಬಂತು. ಅಹಮದಾಬಾದ್, ಸೂರತ್, ಇಂದೋರ್, ತಿರುಪತಿ, ಮೈಸೂರು... ಬೆಳಗಾವಿಯ ಹಳೆಯ ಜನ ಕನಸಿನಲ್ಲೂ ಎಣಿಸದ ಹೆಸರುಗಳು. 2020ರ ಲಾಕ್‌ಡೌನ್ ಸಡಿಲವಾದ ಮೇಲೆ ಪ್ರಯಾಣಿಕರ ಲೆಕ್ಕದಲ್ಲಿ ಬೆಳಗಾವಿ ಹುಬ್ಬಳ್ಳಿಯನ್ನೂ ಹಿಂದೆ ಹಾಕಿ ಬೆಂಗಳೂರು, ಮಂಗಳೂರುಗಳ ನಂತರ ನಿಂತಿತು. ಆಗ ನಮ್ಮ ಗುಂಪಿನ ಬೆಳಗಾವಿಯವರ ಉತ್ಸಾಹ ಏನು ಕೇಳ್ತೀರಿ!

ಅಮೆರಿಕದಲ್ಲೂ ಇಂಥದ್ದು ಆಗಿದೆ. ಪಿಟ್ಸ್‌ಬರ್ಗ್ ಊರಿನವರು ಯುಎಸ್ ಏರ್‌ವೇಸ್ ಕಂಪನಿಯನ್ನೇ ನಂಬಿ 1992ರಲ್ಲಿ ಭಾರೀ ಟರ್ಮಿನಲ್ ಕಟ್ಟಿದರು. 2004ರಲ್ಲಿ ಆ ಕಂಪನಿ ಅಲ್ಲಿನ ತನ್ನ ಕೇಂದ್ರ ಕಿತ್ತಿತು. ಒಬ್ಬನೇ ಯಜಮಾನ ಹೋದ ಜಾಗಕ್ಕೆ ಅಗ್ಗದ ದರದ ಕಂಪನಿಗಳು ಒಂದೊಂದಾಗಿ ಬಂದವು. ವಿಮಾನ ಬದಲಿಸಲು ಇಳಿಯುತ್ತಿದ್ದವರು ಕಡಿಮೆಯಾಗಿ, ಆ ಊರಿಗೇ ಬರುವವರು, ಆ ಊರಿಂದಲೇ ಹೋಗುವವರು ಉಳಿದರು. ಒಟ್ಟು ಸಂಖ್ಯೆ ಕುಸಿಯಿತು, ಅದನ್ನೂ ಹೇಳಬೇಕು.

ಬೆಳಗಾವಿಗೆ ಆ ಪರೀಕ್ಷೆ ಬಂದದ್ದು ಮೂರು ವರ್ಷದ ಸಹಾಯಧನ ಮುಗಿದ ಮೇಲೆ. 2022ರಲ್ಲಿ ಟ್ರೂಜೆಟ್ ಹಾರಾಟವನ್ನೇ ನಿಲ್ಲಿಸಿತು. ಉಳಿದವರೂ ಒಂದೊಂದು ಮಾರ್ಗ ಕೈಬಿಟ್ಟರು. ಹುಬ್ಬಳ್ಳಿಯವರಿಗೆ ನಗುವ ಸರದಿ. ನನ್ನ ಮಟ್ಟಿಗೆ ಆಮೇಲಿನದ್ದೇ ನಿಜವಾದ ಲೆಕ್ಕ. 2023ರ ಅಕ್ಟೋಬರ್‌ನಲ್ಲಿ ಇಂಡಿಗೋ ದೆಹಲಿಗೆ ವಿಮಾನ ಹಾಕಿತು. ಉದ್ಯಮಬಾಗದ ಫೌಂಡ್ರಿಗಳು, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್, ಮರಾಠಾ ಲೈಟ್ ಇನ್‌ಫಂಟ್ರಿಯ ಸೈನಿಕರು, ಚಳಿಗಾಲದ ಅಧಿವೇಶನಕ್ಕೆ ಬರುವ ಶಾಸಕರು – ಸೀಟು ತುಂಬುವ ಜನ ಇವರು. (ಶಾಸಕರು ವರ್ಷಕ್ಕೆ ಎರಡೇ ವಾರ, ಅವರನ್ನು ನಂಬಿ ವಿಮಾನ ಹಾರಿಸಲಾಗದು!) ಭೋಸರಿ ಎಂಐಡಿಸಿಯಲ್ಲಿ ದುಡಿದವರಿಗೆ ಬೆಳಗಾವಿಯ ಎರಕದ ಮಾಲು ಗೊತ್ತೇ ಇದೆ. ಮಾಲು ಲಾರಿಯಲ್ಲಿ ಹೋಗುತ್ತದೆ, ಆರ್ಡರ್ ತರುವವನು ಮಾತ್ರ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬೇಕು. ಅವನಿಗೆ ವಿಮಾನ ಸಿಗದಿದ್ದರೆ ಆರ್ಡರ್ ಬೇರೆ ಊರಿಗೆ ಹೋಗುತ್ತದೆ, ಆಮೇಲೆ ಅವನ ಹುಡುಗರು ನಮ್ಮ ಹಾಗೆ ಭೋಸರಿಗೆ ಬರುತ್ತಾರೆ.

ನಮ್ಮಂಥವರಿಗೆ ಊರು 340 ಕಿಲೋಮೀಟರ್. ಅಷ್ಟಕ್ಕೆ ರಾತ್ರಿ ಬಸ್ಸು ಇತ್ತು, 2024ರ ಸೆಪ್ಟೆಂಬರ್‌ನಿಂದ ಪುಣೆ-ಹುಬ್ಬಳ್ಳಿ ವಂದೇ ಭಾರತ್ ರೈಲೂ ಇದೆ. ಅದು ಬೆಳಗಾವಿ ಮೇಲೆಯೇ ಹೋಗುತ್ತದೆ, ಇದರಲ್ಲಾದರೂ ಜಗಳವಿಲ್ಲ.

2024ರ ಮಾರ್ಚ್ 10ರಂದು ಪ್ರಧಾನಿ ಒಂದೇ ದಿನ ಬೆಳಗಾವಿ, ಹುಬ್ಬಳ್ಳಿ ಎರಡಕ್ಕೂ ಹೊಸ ಟರ್ಮಿನಲ್‌ನ ಶಂಕುಸ್ಥಾಪನೆ ಮಾಡಿದರು. ಅದೇ ದಿನ ಪುಣೆಯ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು, ಕೊಲ್ಲಾಪುರದ್ದೂ ಆಯಿತು. ಈ ಕೊಲ್ಲಾಪುರ ಬೆಳಗಾವಿಯಿಂದ ಬರೀ ನೂರಹತ್ತು ಕಿಲೋಮೀಟರ್, ಸ್ಟಾರ್ ಏರ್ ಒಡೆಯರ ಸ್ವಂತ ಊರಿನ ಪಕ್ಕದಲ್ಲೇ ಇದೆ. ಬೆಳಗಾವಿಯವರು ಇನ್ನು ಹುಬ್ಬಳ್ಳಿ ಕಡೆಗಿಂತ ಉತ್ತರದ ಕಡೆ ಹೆಚ್ಚು ಕಣ್ಣಿಡಬೇಕು.